ಪಾಪದ ಮನುಷ್ಯನನ್ನು ನೋಡಿ ಭಯ ಯಾಕೆ ಆಯಿತು?

ಪ್ರಶ್ನೆ: ನಾವು ಸ್ಯಾನ್ ಹೋಸೆಯಲ್ಲಿ ಇದ್ದೇವೆ. ಪ್ರತಿ ಡಿಸೆಂಬರ್‌ನಲ್ಲಿ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಸಿನಿಮಾವನ್ನು ಮನೆಮಂದಿಯೆಲ್ಲ ಕೂತು ನೋಡುತ್ತೇವೆ. ಜೇಮ್ಸ್ ಸ್ಟೂವರ್ಟ್ ಅಂದರೆ ನಮಗೆ ಪಕ್ಕದ ಮನೆಯ ಮಾಮ ಇದ್ದ ಹಾಗೆ. ಹೋದ ತಿಂಗಳು ಮಗಳ ಜೊತೆ 'ವರ್ಟಿಗೋ' ನೋಡಿದೆ. ಕೊನೆಯ ಅರ್ಧಗಂಟೆ ಇರುವಾಗ ಅವಳು "ಅಮ್ಮಾ, ಈ ಮನುಷ್ಯನನ್ನ ನೋಡಿದ್ರೆ ಭಯ ಆಗುತ್ತೆ" ಎಂದು ಎದ್ದು ಹೋದಳು. ಇಬ್ಬರೂ ಒಬ್ಬನೇ ನಟ ಅಂತ ನಂಬಲು ಆಗಲಿಲ್ಲ. ಯುದ್ಧಕ್ಕೆ ಹೋಗಿ ಬಂದ ಮೇಲೆ ಬದಲಾದನಂತೆ, ನಿಜವೇ? ಆ ನಡುವಿನ ವರ್ಷಗಳ ಯಾವ ಸಿನಿಮಾ ನೋಡಬೇಕು?

ಉತ್ತರ: ನಿಮ್ಮ ಮಗಳು ಸರಿಯಾಗಿಯೇ ಹೆದರಿದ್ದಾಳೆ. ಹೆದರದೇ ಇದ್ದವರಿಗೇ ಆ ಸಿನಿಮಾ ಅರ್ಥವಾಗಿಲ್ಲ ಅನ್ನಬೇಕು. ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ನೀವು ಎರಡು ಸ್ಟೂವರ್ಟ್‌ಗಳನ್ನು ನೋಡಿಲ್ಲ. ಒಬ್ಬನನ್ನೇ ನೋಡಿದ್ದೀರಿ. ಡಿಸೆಂಬರ್‌ನಲ್ಲಿ ನೋಡಿದಾಗ ಹಬ್ಬದ ಗಡಿಬಿಡಿಯಲ್ಲಿ ಅರ್ಧ ಮಾತ್ರ ಕಣ್ಣಿಗೆ ಬಿದ್ದಿದೆ, ಅಷ್ಟೆ. (ಇಷ್ಟವಾದ ನಟರನ್ನು ನಾನು ಏಕವಚನದಲ್ಲೇ ಕರೆಯುವುದು. ಬೇಸರ ಮಾಡಿಕೊಳ್ಳಬೇಡಿ.)

ಈ ಸಲ ಆ ಸಿನಿಮಾ ಹಾಕಿದಾಗ ಕ್ರಿಸ್‌ಮಸ್ ಹಿಂದಿನ ಸಂಜೆಯ ದೃಶ್ಯದಲ್ಲಿ ಸ್ವಲ್ಪ ನಿಂತು ನೋಡಿ. ಎಂಟು ಸಾವಿರ ಡಾಲರ್ ಕಳೆದುಹೋಗಿದೆ. ಜಾರ್ಜ್ ಬೇಲಿ, ಅಂದರೆ ಸ್ಟೂವರ್ಟ್, ಮೊದಲು ವಯಸ್ಸಾದ ಚಿಕ್ಕಪ್ಪನ ಕೊರಳಪಟ್ಟಿ ಹಿಡಿದು ಅಲುಗಾಡಿಸುತ್ತಾನೆ. ಆಮೇಲೆ ಮನೆಗೆ ಬರುತ್ತಾನೆ. ಮಗಳು ಪಿಯಾನೋದಲ್ಲಿ ಅದೇ ಹಾಡನ್ನು ಮತ್ತೆ ಮತ್ತೆ ಕುಟ್ಟುತ್ತಿದ್ದಾಳೆ. ಮಕ್ಕಳ ಮೇಲೆ ಕೂಗಾಡುತ್ತಾನೆ. ಚಿಕ್ಕ ಮಗಳಿಗೆ ಜ್ವರ ಬಂತೆಂದು ಅವಳ ಟೀಚರಿಗೆ ಫೋನಿನಲ್ಲೇ ಬೈಯುತ್ತಾನೆ. ಮೂಲೆಯಲ್ಲಿ ತಾನೇ ಆಸೆಯಿಂದ ಮಾಡಿಟ್ಟ ಸೇತುವೆಯ ಮಾದರಿಯನ್ನು ಒದ್ದು ಬೀಳಿಸುತ್ತಾನೆ. ಮನೆಯಲ್ಲಿ ಎಲ್ಲರೂ ಕಲ್ಲಿನಂತೆ ನಿಂತಿರುತ್ತಾರೆ. ಅಪ್ಪನ ಸಿಟ್ಟು ಕಂಡ ಮಕ್ಕಳು ಹೇಗೆ ನಿಲ್ಲುತ್ತಾರೋ ಹಾಗೆ. ಆಮೇಲೆ ಅವನೇ ತಣ್ಣಗಾಗಿ, ಸಾರಿ, ಪಿಯಾನೋ ನುಡಿಸು ಅನ್ನುತ್ತಾನೆ. ಆ ಮಗು ಅಳಲು ಶುರುಮಾಡುತ್ತದೆ.

ಇದು ಮುದ್ದಾದ ಸಿನಿಮಾ ಅಂತ ಯಾರು ಹೇಳಿದರೋ! ಗಂಟೆಯ ಸದ್ದಿಗೆ ರೆಕ್ಕೆ ಪಡೆಯುವ ದೇವದೂತ, ಕೊನೆಯಲ್ಲಿ ಮನೆತುಂಬ ಜನ, ಇದೆಲ್ಲ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಮನೆಯ ಐದು ನಿಮಿಷ 'ವರ್ಟಿಗೋ'ಗಿಂತ ಕಡಿಮೆ ಭಯದ್ದಲ್ಲ. 1946ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಾಗ ಅದು ಹಾಕಿದ ದುಡ್ಡನ್ನೂ ವಾಪಸ್ ತರಲಿಲ್ಲ. ಮೂವತ್ತು ಲಕ್ಷ ಡಾಲರಿಗೂ ಜಾಸ್ತಿ ಖರ್ಚಾಗಿತ್ತು. ನಿರ್ದೇಶಕ ಫ್ರಾಂಕ್ ಕಾಪ್ರಾ ತನ್ನ ಗೆಳೆಯರ ಜೊತೆ ಕಟ್ಟಿದ್ದ ಲಿಬರ್ಟಿ ಫಿಲ್ಮ್ಸ್ ಮುಂದಿನ ವರ್ಷವೇ ಪ್ಯಾರಾಮೌಂಟ್ ಪಾಲಾಯಿತು. 1974ರಲ್ಲಿ ಕಾಪಿರೈಟ್ ನವೀಕರಿಸದೆ ಬಿಟ್ಟುಹೋದ ಮೇಲೆ ಟಿ.ವಿ. ಚಾನೆಲ್‌ಗಳು ಬಿಟ್ಟಿ ಸಿಕ್ಕಿತೆಂದು ಪ್ರತಿ ವರ್ಷ ಹಾಕತೊಡಗಿದವು. ಇವತ್ತು ನೀವು ಮನೆಮಂದಿಯೆಲ್ಲ ಕೂತು ನೋಡುವುದಕ್ಕೆ ಆ ಮರೆವೇ ಕಾರಣ.

ಈಗ ಎರಡನೇ ಮಹಾಯುದ್ಧದ ವಿಷಯಕ್ಕೆ ಬರೋಣ.

ಸ್ಟೂವರ್ಟ್ ಪೆನ್ಸಿಲ್ವೇನಿಯಾದ ಇಂಡಿಯಾನಾ ಎಂಬ ಸಣ್ಣ ಊರಿನವನು. 1908ರಲ್ಲಿ ಹುಟ್ಟಿದ. ಅಪ್ಪನದು ಹಾರ್ಡ್‌ವೇರ್ ಅಂಗಡಿ. ಪ್ರಿನ್ಸ್‌ಟನ್‌ನಲ್ಲಿ ಆರ್ಕಿಟೆಕ್ಚರ್ ಓದಿದ, ನಾಟಕದ ಹುಚ್ಚು ಹಿಡಿಯಿತು, 1935ರಲ್ಲಿ ಎಂ.ಜಿ.ಎಂ. ಸ್ಟುಡಿಯೋದ ಸಂಬಳಕ್ಕೆ ಸೇರಿದ. 'ದ ಫಿಲಡೆಲ್ಫಿಯಾ ಸ್ಟೋರಿ'ಗೆ ಆಸ್ಕರ್ ಬಂದಾಗ ಅದನ್ನು ಅಪ್ಪನ ಅಂಗಡಿಗೆ ಕಳಿಸಿದ. ಅಂಗಡಿಯ ಕಿಟಕಿಯಲ್ಲಿ ಅದು ವರ್ಷಗಟ್ಟಲೆ ನಿಂತಿತ್ತು. 1941ರ ಮಾರ್ಚ್‌ನಲ್ಲಿ, ಅಂದರೆ ಅಮೆರಿಕವನ್ನು ಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ದಾಳಿಗೆ ಒಂಬತ್ತು ತಿಂಗಳು ಮೊದಲೇ, ಸೇನೆ ಸೇರಿದ. ಅದಕ್ಕೂ ಮೊದಲು ಒಂದು ಸಲ ತೂಕ ಸಾಲದೆಂದು ವಾಪಸ್ ಕಳಿಸಿದ್ದರು. ವಿಮಾನ ಹಾರಿಸುವುದು ಮೊದಲೇ ಗೊತ್ತಿತ್ತು. ಪ್ರಚಾರದ ಕೆಲಸಕ್ಕೆ ಕೂರಿಸಲು ನೋಡಿದರು, ಇವನು ಕೂರಲಿಲ್ಲ. ಇಂಗ್ಲೆಂಡಿನಿಂದ ಬಿ-24 ಬಾಂಬರ್‌ಗಳಲ್ಲಿ ಜರ್ಮನಿ ಮತ್ತು ಅದು ಆಕ್ರಮಿಸಿದ್ದ ಪ್ರದೇಶಗಳ ಮೇಲೆ 20 ದಾಳಿಗಳಿಗೆ ಹೋದ. ಸಿಪಾಯಿಯಾಗಿ ಸೇರಿದವನು ನಾಲ್ಕು ವರ್ಷದಲ್ಲಿ ಕರ್ನಲ್ ಆಗಿ ಬಂದ.

ವಾಪಸ್ ಬಂದಾಗ ಅವನಿಗೆ 37. ಆದರೆ ಮುಖಕ್ಕೆ ಜಾಸ್ತಿ ವಯಸ್ಸಾಗಿತ್ತು. ಯುದ್ಧದ ಬಗ್ಗೆ ಅವನು ಮಾತಾಡಲಿಲ್ಲ. ಸಿನಿಮಾ ಪ್ರಚಾರಕ್ಕೆ ತನ್ನ ಸೇನಾ ದಾಖಲೆ ಬಳಸಬಾರದು ಎಂದು ಷರತ್ತು ಹಾಕುತ್ತಿದ್ದ. ಆಗ ಹಾಲಿವುಡ್ ಯುದ್ಧದ ಸಿನಿಮಾಗಳನ್ನು ರಾಶಿ ರಾಶಿ ತೆಗೆಯುತ್ತಿತ್ತು. ಇವನು ಎರಡನೇ ಮಹಾಯುದ್ಧದಲ್ಲಿ ಹೋರಾಡುವ ಸೈನಿಕನಾಗಿ ಕಾಣಿಸಿಕೊಂಡಿದ್ದು ಒಂದೇ ಸಲ, 1960ರ 'ದ ಮೌಂಟನ್ ರೋಡ್'ನಲ್ಲಿ.

ಇಷ್ಟು ಓದಿದರೆ ಯಾರಿಗಾದರೂ ಅನಿಸುತ್ತದೆ: ಸರಿ, ಯುದ್ಧವೇ ಬದಲಾಯಿಸಿದ್ದು. ನಾನೂ ಬಹಳ ವರ್ಷ ಹಾಗೇ ಹೇಳಿಕೊಂಡು ಬಂದೆ. ಈಗ ಅದು ಅರ್ಧ ಉತ್ತರ ಅನಿಸುತ್ತದೆ. ಯುದ್ಧಕ್ಕೆ ಹೋಗಿ ಬಂದ ನಟರು ಹಾಲಿವುಡ್‌ನಲ್ಲಿ ಬೇಕಾದಷ್ಟು ಜನ ಇದ್ದರು. ಅವರಲ್ಲಿ ಹೆಚ್ಚಿನವರು ಬಿಟ್ಟು ಹೋದ ಕಡೆಯಿಂದಲೇ ಮುಂದುವರಿದರು. ಇನ್ನೊಂದು, ಯುದ್ಧಕ್ಕೆ ಮೊದಲೇ ಇವನೊಳಗೆ ಏನೋ ಇತ್ತು. 1936ರ 'ಆಫ್ಟರ್ ದ ಥಿನ್ ಮ್ಯಾನ್' ನೋಡಿದ್ದೀರಾ? ಕೊಲೆಗಾರ ಯಾರು ಗೊತ್ತೇ? ಇವನೇ! ಆಗ ಯಾರಿಗೂ ಅದು ನೆನಪಿನಲ್ಲಿ ಉಳಿಯಲಿಲ್ಲ. 1939ರ 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' ಬಂದ ಮೇಲೆ ಸ್ಟೂವರ್ಟ್ ಅಂದರೆ ಪ್ರಾಮಾಣಿಕ, ತೊದಲುವ, ಉದ್ದ ಕೈಕಾಲಿನ, ಪಾಪದ ಮನುಷ್ಯ ಎಂದು ಜನ ತೀರ್ಮಾನ ಮಾಡಿಬಿಟ್ಟರು. ಆ ಸಿನಿಮಾದಲ್ಲೂ ಕೊನೆಯಲ್ಲಿ ಗಂಟಲು ಕಟ್ಟಿ, ಬೆವರಿ, ತಲೆಕೆದರಿ ನಿಂತ ಅವನ ಕಣ್ಣು ನೋಡಿ. ಅದು ಬರೀ ಒಳ್ಳೆಯತನದ ಕಣ್ಣಲ್ಲ. ಹಠ ತಲೆಗೇರಿದವನ ಕಣ್ಣು.

ಹಾಗಾದರೆ ಬದಲಾಗಿದ್ದು ಏನು? ನನ್ನ ಪ್ರಕಾರ, ಜನ ಅವನ ಮೇಲೆ ಇಟ್ಟಿದ್ದ ನಂಬಿಕೆಯನ್ನು ಅವನು ಖರ್ಚು ಮಾಡಲು ಶುರುಮಾಡಿದ. ಹೆಚ್ಚಿನ ಸ್ಟಾರ್‌ಗಳು ಆ ನಂಬಿಕೆಯನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಬದುಕುತ್ತಾರೆ. ಇವನು ಅಸಲಿಗೇ ಕೈಹಾಕಿದ. ಮುಖ ಬದಲಾಯಿಸಲಿಲ್ಲ, ಮಾತಿನ ಧಾಟಿ ಬದಲಾಯಿಸಲಿಲ್ಲ. ಖಳನಾಯಕನಾಗಲಿಲ್ಲ. ಅದೇ ತೊದಲು, ಅದೇ ನಾಚಿಕೆ. ಅದರೊಳಗಿನಿಂದ ಸಿಟ್ಟು, ಹಠ, ಕದ್ದು ನೋಡುವ ಚಟ, ಇನ್ನೊಬ್ಬರನ್ನು ತನಗೆ ಬೇಕಾದ ಹಾಗೆ ಬಗ್ಗಿಸುವ ಆಸೆ ಇಣುಕುವ ಹಾಗೆ ಮಾಡಿದ. ಕೆಟ್ಟವನು ಕೆಟ್ಟದ್ದು ಮಾಡಿದರೆ ನಮಗೇನೂ ಅನಿಸುವುದಿಲ್ಲ. ಪಕ್ಕದ ಮನೆಯ ಮಾಮ ಮಾಡಿದರೆ ಎದೆ ಝಲ್ ಅನ್ನುತ್ತದೆ. ನಿಮ್ಮ ಮಗಳಿಗೆ ಆಗಿದ್ದು ಇದೇ.

ಅವನಿಗೆ ಇದು ಬೇಕಾಗಿ ಬಂದಿದ್ದಕ್ಕೆ ಒಂದು ಸರಳ ಕಾರಣವೂ ಇದೆ. ಹಳೆಯ ಮಾಲು ಓಡುತ್ತಿರಲಿಲ್ಲ. ಕಾಪ್ರಾ ಸಿನಿಮಾ ಆಯಿತಲ್ಲ, ಮರುವರ್ಷ 'ಮ್ಯಾಜಿಕ್ ಟೌನ್' ಬಂತು. ಮತ್ತದೇ ಸಣ್ಣ ಊರು, ಮತ್ತದೇ ಒಳ್ಳೆಯ ಹುಡುಗ. ಬಿದ್ದುಹೋಯಿತು. ಸ್ಟುಡಿಯೋ ಸಂಬಳವೂ ಇರಲಿಲ್ಲ. ಎಂ.ಜಿ.ಎಂ. ಜೊತೆಗಿನ ಒಪ್ಪಂದವನ್ನು ಅವನು ಮುಂದುವರಿಸಿರಲಿಲ್ಲ. ನಲವತ್ತು ಹತ್ತಿರ ಬಂದಿತ್ತು. ಕೈಯಲ್ಲಿ ಕೆಲಸ ಇದ್ದರೂ ದಿಕ್ಕು ಇರಲಿಲ್ಲ. 1948ರಲ್ಲಿ ಷಿಕಾಗೋ ಬೀದಿಗಳಲ್ಲಿ ತೆಗೆದ 'ಕಾಲ್ ನಾರ್ತ್‌ಸೈಡ್ 777' ಬಂತು. ಅದರಲ್ಲಿ ಯಾರನ್ನೂ ಸುಲಭಕ್ಕೆ ನಂಬದ, ಒರಟು ಪತ್ರಕರ್ತ. ಚೆನ್ನಾಗಿದೆ. ಆದರೆ ನಿಜವಾದ ತಿರುವು 1950ರದು.

ಆ ವರ್ಷ ಬಂದವುಗಳಲ್ಲಿ ಎರಡನ್ನು ನೋಡಿ. ಒಂದು 'ಹಾರ್ವಿ'. ಆರಡಿ ಮೀರಿದ, ಯಾರ ಕಣ್ಣಿಗೂ ಕಾಣದ ಮೊಲವನ್ನು ಗೆಳೆಯ ಮಾಡಿಕೊಂಡ ಸಾಧು ಮನುಷ್ಯನ ಕಥೆ. ಜನ ಬಯಸಿದ ಸ್ಟೂವರ್ಟ್. ಇನ್ನೊಂದು ಆಂಟನಿ ಮ್ಯಾನ್ ನಿರ್ದೇಶಿಸಿದ 'ವಿಂಚೆಸ್ಟರ್ '73'. ಇದರಲ್ಲಿ ಒಂದು ಬಾರ್ ದೃಶ್ಯ ಬರುತ್ತದೆ. ಖಳನ ಪಾತ್ರದ ಡ್ಯಾನ್ ಡುರಿಯಾ ಎದುರು ನಿಂತಿದ್ದಾನೆ. ಸ್ಟೂವರ್ಟ್ ಮೆತ್ತಗೆ ಏನೋ ಕೇಳುತ್ತಾನೆ. ಮರುಕ್ಷಣ ಅವನ ಕೈ ತಿರುಚಿ ಮುಖವನ್ನು ಬಾರ್ ಕಟ್ಟೆಗೆ ಅದುಮುತ್ತಾನೆ. ಕ್ಯಾಮೆರಾ ಸ್ಟೂವರ್ಟ್ ಮುಖದ ಹತ್ತಿರ ಹೋಗುತ್ತದೆ. ಹಲ್ಲು ಕಚ್ಚಿದ್ದಾನೆ. ಕಣ್ಣು ಅರಳಿ ನಿಂತಿದೆ. ಅದು ನ್ಯಾಯ ಕೇಳುವ ನಾಯಕನ ಮುಖವಲ್ಲ. ನೋವು ಕೊಡಬೇಕು ಅನಿಸಿದವನ ಮುಖ. ಅವನು ಬೆನ್ನಟ್ಟಿರುವುದು ಯಾರನ್ನು ಎಂಬುದನ್ನು ನಾನು ಹೇಳುವುದಿಲ್ಲ, ಗೊತ್ತಾದಾಗ ಆ ಸಿಟ್ಟಿಗೆ ಬೇರೆಯೇ ಅರ್ಥ ಬರುತ್ತದೆ.

ಇದೇ ಸಿನಿಮಾಕ್ಕೆ ಸೇರಿದ ದುಡ್ಡಿನ ಕಥೆಯನ್ನು ನೀವು ಕೇಳಿರಬಹುದು. ಸ್ಟೂವರ್ಟ್‌ನ ಸಂಭಾವನೆ 2 ಲಕ್ಷ ಡಾಲರ್. ಯೂನಿವರ್ಸಲ್ ಅಷ್ಟು ಕೊಡಲು ತಯಾರಿರಲಿಲ್ಲ. ಅವನ ಏಜೆಂಟ್ ಲೂ ವಾಸರ್‌ಮನ್ ಒಂದು ದಾರಿ ಹುಡುಕಿದ: ಸಂಬಳ ಬೇಡ, ಲಾಭದಲ್ಲಿ ಪಾಲು ಕೊಡಿ. ಸಿನಿಮಾ ಓಡಿತು. ಸಂಭಾವನೆಯ ಮೂರು ಪಟ್ಟು, ಅಂದರೆ ಸುಮಾರು 6 ಲಕ್ಷ ಬಂತು ಎಂದು ಹೇಳುತ್ತಾರೆ. ನಟನಿಗೆ ಪಾಲು ಸಿಕ್ಕಿದ್ದು ಇದೇ ಮೊದಲು ಅಂತ ಎಲ್ಲ ಕಡೆ ಬರೆಯುತ್ತಾರೆ, ಅದು ಸರಿಯಲ್ಲ. ಮೂವತ್ತರ ದಶಕದಲ್ಲೇ ಕೆಲವರಿಗೆ ಸಿಕ್ಕಿತ್ತು. ಆದರೆ ಇದಾದ ಮೇಲೆ ಅದೇ ದಾರಿಯಾಯಿತು. ತೆರಿಗೆಯ ಲೆಕ್ಕವೂ ಇತ್ತು. ಆಗ ಅಮೆರಿಕದಲ್ಲಿ ದೊಡ್ಡ ಆದಾಯದ ಮೇಲಿನ ಹಂತಕ್ಕೆ ಶೇ. 80ಕ್ಕಿಂತ ಜಾಸ್ತಿ ತೆರಿಗೆ. ಒಂದೇ ವರ್ಷ ಸಂಬಳ ಬಂದರೆ ಸರ್ಕಾರಕ್ಕೇ ಹೋಯಿತು. ಪಾಲು ಅಂದರೆ ಐದಾರು ವರ್ಷ ಹನಿ ಹನಿಯಾಗಿ ಬರುತ್ತದೆ.

ಲೆಕ್ಕಪತ್ರದ ಮಾತು ಯಾಕೆ ತಂದೆ ಅಂದರೆ, ನಟನೆಗೂ ಇದಕ್ಕೂ ನೇರ ಸಂಬಂಧ ಇದೆ. ಸಂಬಳದ ನಟನಿಗೆ ಸ್ಟುಡಿಯೋ ಹೇಳಿದ್ದು ಪಾತ್ರ. ಪಾಲುದಾರ ತನ್ನ ಕಥೆ, ತನ್ನ ನಿರ್ದೇಶಕ ಯಾರು ಎಂದು ಕೇಳಬಹುದು. ಐವತ್ತರ ದಶಕದ ಸ್ಟೂವರ್ಟ್ ಇಬ್ಬರನ್ನು ಗಟ್ಟಿಯಾಗಿ ಹಿಡಿದುಕೊಂಡ: ಮ್ಯಾನ್ ಮತ್ತು 'ವರ್ಟಿಗೋ' ತೆಗೆದ ಆಲ್ಫ್ರೆಡ್ ಹಿಚ್‌ಕಾಕ್. ಮ್ಯಾನ್ ಜೊತೆ ಎಂಟು ಸಿನಿಮಾ, ಅದರಲ್ಲಿ ಐದು ವೆಸ್ಟರ್ನ್, ಅಂದರೆ ಕುದುರೆ-ಬಂದೂಕಿನ ಕೌಬಾಯ್ ಕಥೆಗಳು. ಹಿಚ್‌ಕಾಕ್ ಜೊತೆ ಒಟ್ಟು ನಾಲ್ಕು, ಅದರಲ್ಲಿ ಮೂರು ಈ ದಶಕದಲ್ಲಿ. ಇವರಿಬ್ಬರೂ ಅವನಲ್ಲಿ ಒಂದೇ ವಿಷಯ ಕಂಡುಕೊಂಡರು. ತೋರಿಸಿದ ರೀತಿ ಮಾತ್ರ ಬೇರೆ.

ಮ್ಯಾನ್‌ನ ಸ್ಟೂವರ್ಟ್ ಬಯಲಲ್ಲಿ ಒಡೆಯುತ್ತಾನೆ. ಬೆಟ್ಟ, ಬಂಡೆ, ಭೋರ್ಗರೆಯುವ ಹೊಳೆ, ಅದರ ನಡುವೆ ಒಬ್ಬ ಮನುಷ್ಯ ತನ್ನ ಹಳೆಯ ಗಾಯವನ್ನು ಹೊತ್ತುಕೊಂಡು ಕುದುರೆ ಮೇಲೆ ಹೋಗುತ್ತಿರುತ್ತಾನೆ. ಕುದುರೆ ಅಂದಾಗ ನೆನಪಾಯಿತು. ಇವನ ವೆಸ್ಟರ್ನ್‌ಗಳಲ್ಲಿ ಬಹುಪಾಲು ಒಂದೇ ಕುದುರೆ, ಪೈ ಅಂತ ಅದರ ಹೆಸರು. ಸುಮಾರು ಇಪ್ಪತ್ತು ವರ್ಷ ಅದನ್ನೇ ಏರಿದ. ಟೋಪಿಯೂ ಅದೇ, ಬೆವರಿನ ಕಲೆ ಹತ್ತಿದ್ದು.

ಈ ಐದರಲ್ಲಿ ಒಂದನ್ನು ಮಾತ್ರ ನೋಡುವುದಾದರೆ 1953ರ 'ದ ನೇಕೆಡ್ ಸ್ಪರ್' ನೋಡಿ. ಸಿನಿಮಾದಲ್ಲಿ ಮಾತಾಡುವವರು ಐದೇ ಜನ. ಕೊಲರಾಡೋದ ಪರ್ವತಗಳಲ್ಲಿ ತೆಗೆದದ್ದು, ಒಂದು ಮನೆ ಕೂಡ ಕಾಣಿಸುವುದಿಲ್ಲ. ಹೋವರ್ಡ್ ಕೆಂಪ್ ಎಂಬುವನು ಕೊಲೆ ಆರೋಪಿಯನ್ನು ಹಿಡಿದು ಒಪ್ಪಿಸಿ 5,000 ಡಾಲರ್ ಬಹುಮಾನ ಪಡೆಯಲು ಹೊರಟಿದ್ದಾನೆ. ಮೊದಲು ಶೆರಿಫ್ ಎಂದು ಇತರರು ತಿಳಿಯುವ ಹಾಗೆ ನಡೆದುಕೊಳ್ಳುತ್ತಾನೆ. ಆಮೇಲೆ ಗೊತ್ತಾಗುತ್ತದೆ, ದುಡ್ಡಿಗೆ ಬಂದವನು. ಯಾಕೆ? ಅಂತರ್ಯುದ್ಧಕ್ಕೆ ಹೋದಾಗ ತನ್ನ ಜಮೀನನ್ನು ಮದುವೆಯಾಗಬೇಕಿದ್ದ ಹುಡುಗಿಯ ಹೆಸರಿಗೆ ಬರೆದು ಹೋಗಿದ್ದ. ಅವಳು ಅದನ್ನು ಮಾರಿಕೊಂಡು ಇನ್ನೊಬ್ಬನ ಜೊತೆ ಹೋದಳು. ಆ ಜಮೀನನ್ನು ವಾಪಸ್ ಕೊಳ್ಳಬೇಕು, ಅಷ್ಟೇ. ಇದನ್ನು ಅವನು ಯಾರಿಗೂ ಹೇಳುವುದಿಲ್ಲ. ಗುಂಡು ತಗುಲಿ ಜ್ವರ ಬಂದಾಗ ಕನವರಿಸುವುದರಲ್ಲಿ ಹೊರಬರುತ್ತದೆ.

ಕೊನೆಯ ದೃಶ್ಯದ ಬಗ್ಗೆ ಹೇಳಲೇಬೇಕು. ಹೊಳೆಯಲ್ಲಿ ಬಿದ್ದ ಹೆಣವನ್ನು ಕೆಂಪ್ ಹಗ್ಗ ಕಟ್ಟಿ ದಡಕ್ಕೆ ಎಳೆಯುತ್ತಾನೆ. ಹೆಣಕ್ಕೂ ಅದೇ ಬೆಲೆ ಇದೆಯಲ್ಲ. ನಾಯಕಿ ಜಾನೆಟ್ ಲೀ ಎದುರು ನಿಂತಿದ್ದಾಳೆ. ಒಯ್ಯುತ್ತೇನೆ, ಮಾರುತ್ತೇನೆ, ನಾನು ಇಂಥವನೇ ಎಂದು ಅವನು ಅರಚುತ್ತಾನೆ. ಅರಚುತ್ತಾ ಅರಚುತ್ತಾ ಅಳು ಬರುತ್ತದೆ. ಆ ಕಾಲದ ವೆಸ್ಟರ್ನ್ ನಾಯಕ ಅಳುತ್ತಿರಲಿಲ್ಲ ಎಂದಲ್ಲ. ಹೀಗೆ, ಮುಖ ಕಿವುಚಿ, ಮೂಗು ಸುರಿಸಿಕೊಂಡು, ನಾಚಿಕೆಗೆಟ್ಟು ಅಳುತ್ತಿರಲಿಲ್ಲ. ಕ್ಲಾಸಿನಲ್ಲಿ ಈ ದೃಶ್ಯ ಹಾಕಿದಾಗ ಮೊದಲು ಯಾರೋ ಒಬ್ಬರು ನಗುತ್ತಾರೆ. ಆಮೇಲೆ ನಗು ನಿಲ್ಲುತ್ತದೆ. ನನಗೆ ಪ್ರತಿ ಸಲ ಜಾರ್ಜ್ ಬೇಲಿಯ ಆ ಸಂಜೆ ನೆನಪಾಗುತ್ತದೆ. ಅಲ್ಲಿ ಊರವರೆಲ್ಲ ದುಡ್ಡು ಹೊತ್ತು ತಂದು ಸುರಿದರು. ಇಲ್ಲಿ ಯಾರೂ ಬರುವುದಿಲ್ಲ.

ಉಳಿದವುಗಳಲ್ಲಿ 'ದ ಮ್ಯಾನ್ ಫ್ರಮ್ ಲಾರಮಿ' (1955) ನೋಡಬಹುದು. ಇಬ್ಬರು ಅವನ ಕೈ ಹಿಡಿದುಕೊಂಡು ನಿಂತಾಗ ಮೂರನೆಯವನು ಹತ್ತಿರದಿಂದ ಅಂಗೈಗೆ ಗುಂಡು ಹೊಡೆಯುವ ದೃಶ್ಯ ಇದೆ, ಹುಷಾರು. ರಕ್ತ ತೋರಿಸುವುದಿಲ್ಲ. ಅವನ ಮುಖ ಮಾತ್ರ ತೋರಿಸುತ್ತಾರೆ, ಅದೇ ಸಾಕು. 'ಬೆಂಡ್ ಆಫ್ ದ ರಿವರ್' (1952) ಬಣ್ಣ ಚೆನ್ನ. ಮ್ಯಾನ್ ಜೊತೆಗಿನ ವೆಸ್ಟರ್ನ್ ಅಲ್ಲದ ಮೂರರಲ್ಲಿ 'ದ ಗ್ಲೆನ್ ಮಿಲ್ಲರ್ ಸ್ಟೋರಿ' ಆಗ ದೊಡ್ಡ ಹಿಟ್. ನನಗೆ ಸಂಗೀತ ಬಿಟ್ಟರೆ ಅಷ್ಟಕ್ಕಷ್ಟೆ. 1957ರ 'ನೈಟ್ ಪ್ಯಾಸೇಜ್' ಹೊತ್ತಿಗೆ ಇಬ್ಬರೂ ದೂರವಾದರು. ಮ್ಯಾನ್‌ಗೆ ಕಥೆ ಹಿಡಿಸಲಿಲ್ಲ, ಬಿಟ್ಟು ನಡೆದ. ಅದರಲ್ಲಿ ಸ್ಟೂವರ್ಟ್ ಅಕಾರ್ಡಿಯನ್ ನುಡಿಸುತ್ತಾನೆ. ಅದು ಅವನ ಚಿಕ್ಕಂದಿನ ಹುಚ್ಚು. ಸಿನಿಮಾ ನೋಡಿದರೆ ಮ್ಯಾನ್ ಬಿಟ್ಟು ಹೋಗಿದ್ದೇ ಸರಿ ಅನಿಸುತ್ತದೆ. ಮತ್ತೆ ಅವರು ಒಟ್ಟಿಗೆ ಕೆಲಸ ಮಾಡಲಿಲ್ಲ.

ಹಿಚ್‌ಕಾಕ್‌ನ ಸ್ಟೂವರ್ಟ್ ಒಡೆಯುವುದಿಲ್ಲ. ಅವನು ಸುಮ್ನೆ ನೋಡುತ್ತಾನೆ. ಇದು ಇನ್ನೂ ಕಷ್ಟದ ಕೆಲಸ.

'ರಿಯರ್ ವಿಂಡೋ' (1954) ನೀವು ನೋಡಿರಬಹುದು. ಕಾಲು ಮುರಿದ ಫೋಟೋಗ್ರಾಫರ್ ಗಾಲಿಕುರ್ಚಿಯಲ್ಲಿ ಕೂತು ಎದುರು ಮನೆಗಳ ಕಿಟಕಿ ನೋಡುತ್ತಾನೆ. ಆ ಇಡೀ ವಠಾರವನ್ನು ಪ್ಯಾರಾಮೌಂಟ್ ಸ್ಟುಡಿಯೋದ ಒಳಗೆ, ನೆಲ ಅಗೆದು ಕಟ್ಟಿದ್ದರು. ನಟನಿಗೆ ಕಾಲಿಲ್ಲ, ಓಡಾಟವಿಲ್ಲ, ಅರ್ಧ ಸಿನಿಮಾ ಮಾತೂ ಇಲ್ಲ. ಇರುವುದು ಮುಖ. ಅವನು ನೋಡುತ್ತಾನೆ, ಆಮೇಲೆ ಕಂಡದ್ದನ್ನು ನಮಗೆ ತೋರಿಸುತ್ತಾರೆ, ಆಮೇಲೆ ಮತ್ತೆ ಅವನ ಮುಖ. ಮಗು ಕಂಡರೆ ಆ ನಗು ವಾತ್ಸಲ್ಯ. ಬಟ್ಟೆ ಬದಲಾಯಿಸುವ ಹುಡುಗಿ ಕಂಡರೆ ಅದೇ ನಗು ಬೇರೆ. ಹಿಚ್‌ಕಾಕ್‌ಗೆ ಈ ಆಟ ತುಂಬ ಇಷ್ಟ. ಇದಕ್ಕೆ ಸ್ಟೂವರ್ಟ್‌ನಂಥ ಮುಖವೇ ಬೇಕಿತ್ತು. ನೋಡಿದ ಕೂಡಲೇ ಅನುಮಾನ ಬರುವ ಮುಖ ಹಾಕಿದ್ದರೆ ನಾವು ಮೊದಲ ರೀಲಿನಲ್ಲೇ ಛೀ ಎಂದು ಬಿಡುತ್ತಿದ್ದೆವು. ಇವನ ಜೊತೆ ನಾವೂ ಕಿಟಕಿಗೆ ಕಣ್ಣಿಡುತ್ತೇವೆ. ಒಂದು ಗಂಟೆ ಕಳೆದ ಮೇಲೆ ನೆನಪಾಗುತ್ತದೆ, ಇದು ಬೇರೆಯವರ ಮನೆ ಅಂತ.

ಈ ಸಿನಿಮಾದಲ್ಲೂ ಅವನು ಪಾಲುದಾರ. ಹಿಚ್‌ಕಾಕ್ ಜೊತೆ ಸೇರಿ ಮಾಡಿಕೊಂಡ ಕಂಪನಿಯಿಂದ ತೆಗೆದದ್ದು. ಅದರ ಬಾಲ ಎಷ್ಟು ಉದ್ದ ಹೋಯಿತು ಅಂದರೆ, ಮೂಲ ಕಥೆಯ ಹಕ್ಕಿನ ಜಗಳ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ 1990ರಲ್ಲಿ ತೀರ್ಪು ಬಂತು. ಕೇಸಿನ ಹೆಸರೇ 'ಸ್ಟೂವರ್ಟ್ ವರ್ಸಸ್ ಅಬೆಂಡ್'. ಇವನ ಕಡೆಯವರು ಸೋತರು. ಕಾಪಿರೈಟ್ ಓದುವ ವಕೀಲ ವಿದ್ಯಾರ್ಥಿಗಳಿಗೆ ಸ್ಟೂವರ್ಟ್ ಪರಿಚಯವಾಗುವುದು ಹೀಗೆ!

'ದ ಮ್ಯಾನ್ ಹೂ ನ್ಯೂ ಟೂ ಮಚ್' (1956) ಹಾಡಿಗಾಗಿ ಎಲ್ಲರಿಗೂ ಗೊತ್ತು. ನಾನು ಅದರಲ್ಲಿ ಒಂದೇ ದೃಶ್ಯಕ್ಕಾಗಿ ಮತ್ತೆ ಮತ್ತೆ ಹೋಗುತ್ತೇನೆ. ಮರಕೇಶ್‌ನ ಹೋಟೆಲ್ ಕೋಣೆ. ಅವನು ಡಾಕ್ಟರು, ಹೆಂಡತಿ ಡೋರಿಸ್ ಡೇ. ಮಗನನ್ನು ಯಾರೋ ಅಪಹರಿಸಿದ್ದಾರೆ. ಅವನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹೇಳುವ ಮೊದಲು ಅವಳಿಗೆ ನಿದ್ರೆ ಬರುವ ಮಾತ್ರೆ ನುಂಗಿಸುತ್ತಾನೆ. ಒತ್ತಾಯ ಮಾಡಿ, ಪುಸಲಾಯಿಸಿ, ನಾನು ಡಾಕ್ಟರ್ ಅಲ್ವಾ ಎಂಬ ಧಾಟಿಯಲ್ಲಿ. ಮಾತ್ರೆ ಒಳಗೆ ಹೋದ ಮೇಲೆ ಸುದ್ದಿ ಹೇಳುತ್ತಾನೆ. ಅವಳು ಚೀರುತ್ತಾಳೆ, ಎದ್ದು ಹೋಗಲು ನೋಡುತ್ತಾಳೆ, ಇವನು ಹಾಸಿಗೆಗೆ ಒತ್ತಿ ಹಿಡಿಯುತ್ತಾನೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಅವನು ಕೆಟ್ಟವನಲ್ಲ. ಪ್ರೀತಿಯಿಂದಲೇ ಮಾಡಿದ್ದು. ಅವಳ ಅಳುವನ್ನೂ ಅವನೇ ನಿರ್ಧಾರ ಮಾಡಿದ, ಅಷ್ಟೆ. ಇಂಥ ಗಂಡಸರನ್ನು ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲಿ ಕಂಡಿದ್ದೇವೆ. ಒಳ್ಳೆಯವರು ಎಂದು ಹೊಗಳಿಯೂ ಇದ್ದೇವೆ.

ಎರಡು ವರ್ಷದ ಮೇಲೆ 'ವರ್ಟಿಗೋ' ಬಂದಾಗ ಆ ಹೋಟೆಲ್ ಕೋಣೆಯೇ ಇಡೀ ಸಿನಿಮಾ ಆಯಿತು. ನಿಮ್ಮ ಮಗಳು ಎದ್ದು ಹೋದ ಭಾಗ ಯಾವುದು ಎಂದು ನನಗೆ ಅಂದಾಜಿದೆ. ಸ್ಕಾಟಿ (ಸ್ಟೂವರ್ಟ್) ಜೂಡಿಯನ್ನು (ಕಿಮ್ ನೊವಾಕ್) ಬಟ್ಟೆ ಅಂಗಡಿಗೆ ಕರೆದೊಯ್ಯುತ್ತಾನೆ. ಅವನು ಪ್ರೀತಿಸಿ ಕಳೆದುಕೊಂಡವಳು ಹಾಕುತ್ತಿದ್ದ ಅದೇ ಬೂದು ಬಣ್ಣದ ಸೂಟೇ ಬೇಕು. ಅದೇ ಶೂ. ಆಮೇಲೆ ಕೂದಲ ಬಣ್ಣ. ಅಲ್ಲಿ ಸ್ಟೂವರ್ಟ್ ಒಂದು ಸಲವೂ ಗದರುವುದಿಲ್ಲ ನೋಡಿ. ಬೇಡಿಕೊಳ್ಳುತ್ತಾನೆ. ಅದೇ ಹಳೆಯ ತೊದಲು, ಮಿಸ್ಟರ್ ಸ್ಮಿತ್‌ನ ತೊದಲು. ಕೂದಲ ಬಣ್ಣದಲ್ಲಿ ನಿನಗೇನು ಹೋಗುತ್ತದೆ ಎಂಬಂತೆ ಕೇಳುತ್ತಾನೆ. ಕೊನೆಗೆ ಅವಳು ಕೂದಲನ್ನು ಮೇಲಕ್ಕೆ ಕಟ್ಟಿಕೊಂಡು, ಕಿಟಕಿಯಾಚೆಯ ನಿಯಾನ್ ಫಲಕದ ಹಸಿರು ಬೆಳಕಿನಲ್ಲಿ ಬಂದು ನಿಂತಾಗ ಅವನ ಕಣ್ಣಲ್ಲಿ ನೀರು. ಆ ಕ್ಷಣದಲ್ಲಿ ಅವನಷ್ಟು ಸಂತೋಷವಾಗಿರುವ ಮನುಷ್ಯ ಜಗತ್ತಿನಲ್ಲಿ ಇಲ್ಲ. ಎದುರಿಗೆ ನಿಂತ ಹೆಣ್ಣು ಮಾತ್ರ ಅವನ ಕಣ್ಣಿಗೆ ಬೀಳುತ್ತಲೇ ಇಲ್ಲ.

ಚಿತ್ರೀಕರಣದ ಹೊತ್ತಿಗೆ ಅವನಿಗೆ 49, ಕಿಮ್ ನೊವಾಕ್‌ಗೆ 24. ಹಾಲಿವುಡ್‌ನಲ್ಲಿ ಇದು ಮಾಮೂಲಿ ರೋಗ. ಸ್ಟೂವರ್ಟ್‌ಗೂ ಇತ್ತು. ಹಿಂದಿನ ವರ್ಷ ಬಂದ 'ದ ಸ್ಪಿರಿಟ್ ಆಫ್ ಸೇಂಟ್ ಲೂಯಿಸ್'ನಲ್ಲಿ 47ರ ಆಸುಪಾಸಿನ ಇವನು ಕೂದಲಿಗೆ ಬಣ್ಣ ಹಾಕಿಕೊಂಡು ಒಬ್ಬನೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ 25ರ ಲಿಂಡ್‌ಬರ್ಗ್ ಆಗಿದ್ದ. ಜನ ಒಪ್ಪಲಿಲ್ಲ, ದೊಡ್ಡ ನಷ್ಟವಾಯಿತು. 'ವರ್ಟಿಗೋ'ದಲ್ಲಿ ಮಾತ್ರ ಈ ವಯಸ್ಸಿನ ಅಂತರ ಮುಚ್ಚಿಡುವ ದೋಷವಾಗಿ ಉಳಿಯದೆ ಕಥೆಯ ಒಳಗೇ ಬಂತು. ವಯಸ್ಸಾಗುತ್ತಿರುವ ಗಂಡಸು ಚಿಕ್ಕವಳೊಬ್ಬಳನ್ನು ತನ್ನ ಕನಸಿನ ಅಚ್ಚಿಗೆ ಎರೆಯುತ್ತಾನೆ. ತಮಾಷೆ ಅಂದರೆ, ಸಿನಿಮಾ ಅಂದುಕೊಂಡಷ್ಟು ಓಡದಿದ್ದಾಗ ಹಿಚ್‌ಕಾಕ್ ಸ್ಟೂವರ್ಟ್‌ನ ವಯಸ್ಸನ್ನೇ ದೂರಿದ ಎಂದು ಹೇಳುತ್ತಾರೆ. ಮುಂದಿನ ಸಿನಿಮಾ 'ನಾರ್ತ್ ಬೈ ನಾರ್ತ್‌ವೆಸ್ಟ್' ಕೇರಿ ಗ್ರಾಂಟ್‌ಗೆ ಹೋಯಿತು. ಗ್ರಾಂಟ್ ಇವನಿಗಿಂತ ನಾಲ್ಕು ವರ್ಷ ದೊಡ್ಡವನು! ಮುಂದೆ ಹಕ್ಕುಗಳ ಕಾರಣದಿಂದ 'ವರ್ಟಿಗೋ' ಬಹಳ ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಎಂಬತ್ತರ ದಶಕದಲ್ಲಿ ಮತ್ತೆ ತೆರೆಗೆ ಬಂತು. 2012ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ ಅದಕ್ಕೆ ಮೊದಲ ಸ್ಥಾನ ಸಿಕ್ಕಿತು.

ಆ ದಶಕದಲ್ಲಿ ಅವನು ಮಾಡಿದ್ದೆಲ್ಲ ಚಿನ್ನ ಅಂತ ತಿಳಿಯಬೇಡಿ. 1959ರ 'ದಿ ಎಫ್.ಬಿ.ಐ. ಸ್ಟೋರಿ' ಸರ್ಕಾರಿ ಪ್ರಕಟಣೆ ಓದಿದ ಹಾಗಿದೆ. 'ಸ್ಟ್ರಾಟೆಜಿಕ್ ಏರ್ ಕಮಾಂಡ್'ನಲ್ಲಿ ವಿಮಾನಗಳು ಚೆನ್ನಾಗಿ ನಟಿಸಿವೆ. ಆದರೆ ಜನಕ್ಕೆ ಎಲ್ಲವೂ ಹಿಡಿಸಿತು. 1955ರಲ್ಲಿ ಥಿಯೇಟರ್ ಮಾಲೀಕರ ವಾರ್ಷಿಕ ಲೆಕ್ಕದಲ್ಲಿ ಅತಿ ಹೆಚ್ಚು ದುಡ್ಡು ತರುವ ನಟ ಇವನೇ. ಅಂದರೆ ಇಷ್ಟೊಂದು ಕತ್ತಲನ್ನು ಅವನು ಯಾವುದೋ ಮೂಲೆಯ ಪ್ರಯೋಗ ಚಿತ್ರದಲ್ಲಿ ಮಾಡಲಿಲ್ಲ. ದೇಶದ ನಂಬರ್ ಒನ್ ಆಗಿದ್ದುಕೊಂಡು ಮಾಡಿದ.

1959ರದೇ 'ಅನಾಟಮಿ ಆಫ್ ಎ ಮರ್ಡರ್' ನಿಮಗೆ ಖಂಡಿತ ಇಷ್ಟವಾಗುತ್ತದೆ. ಆಟೋ ಪ್ರೆಮಿಂಗರ್ ನಿರ್ದೇಶನ. ಮಿಷಿಗನ್‌ನ ಉತ್ತರದ ಊರುಗಳಲ್ಲೇ ತೆಗೆದದ್ದು, ಸಂಗೀತ ಡ್ಯೂಕ್ ಎಲಿಂಗ್ಟನ್. ಮೀನು ಹಿಡಿಯುತ್ತ, ಜಾಜ್ ನುಡಿಸುತ್ತ ಕಾಲ ಕಳೆಯುವ ಹಳ್ಳಿ ವಕೀಲ. ಕೋರ್ಟಿನಲ್ಲಿ ನಾನೊಬ್ಬ ಸಾಮಾನ್ಯ ವಕೀಲ ಸ್ವಾಮಿ ಎಂದು ಹಲ್ಲು ಕಿರಿಯುತ್ತಾನೆ. ನೋಡುತ್ತಾ ನೋಡುತ್ತಾ ಗೊತ್ತಾಗುತ್ತದೆ, ಆ ಮುಗ್ಧತೆ ಅವನ ಉಪಕರಣ. ಬಡಗಿಗೆ ಉಳಿ ಇದ್ದ ಹಾಗೆ. ಸ್ಟೂವರ್ಟ್ ತನ್ನ ಇಪ್ಪತ್ತು ವರ್ಷದ ಹೆಸರನ್ನೇ ಇಲ್ಲಿ ಆಡಿಸಿ ತೋರಿಸುತ್ತಾನೆ. ಕಕ್ಷಿದಾರ ನಿರಪರಾಧಿಯೋ ಅಲ್ಲವೋ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಾಗುವುದಿಲ್ಲ. ನ್ಯಾಯಾಧೀಶನ ಪಾತ್ರದಲ್ಲಿರುವುದು ಜೋಸೆಫ್ ವೆಲ್ಚ್, 1954ರಲ್ಲಿ ಕಮ್ಯುನಿಸ್ಟರ ಬೇಟೆಗೆ ಇಳಿದಿದ್ದ ಸೆನೆಟರ್ ಮೆಕಾರ್ಥಿಯನ್ನು ಎಲ್ಲರೆದುರು ತಡೆದು ನಿಲ್ಲಿಸಿದ ನಿಜವಾದ ವಕೀಲ. ವಿಚಾರಣೆಯಲ್ಲಿ ಅತ್ಯಾಚಾರದ ಬಗ್ಗೆ ಬರುವ ಮಾತುಗಳು ಆ ಕಾಲಕ್ಕೆ ಬಹಳ ಬಿಚ್ಚುಮಾತು. ಇದು ಕೊಳಕು ಸಿನಿಮಾ, ನೋಡಬೇಡಿ ಎಂದು ಸ್ಟೂವರ್ಟ್‌ನ ಅಪ್ಪನೇ ಊರಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರಂತೆ. ವೆನಿಸ್‌ನಲ್ಲಿ ಉತ್ತಮ ನಟ ಪ್ರಶಸ್ತಿ ಬಂತು. ಆಸ್ಕರ್ ನಾಮನಿರ್ದೇಶನವೂ ಬಂತು, ಆದರೆ ಆ ವರ್ಷ 'ಬೆನ್-ಹರ್' ಎದುರು ಯಾರು ನಿಲ್ಲಲು ಸಾಧ್ಯ?

ಯಾವ ಸಿನಿಮಾ ನೋಡಬೇಕು ಎಂದು ಕೇಳಿದ್ದೀರಿ. 'ವಿಂಚೆಸ್ಟರ್ '73'ರಿಂದ ಶುರುಮಾಡಿ, ಅದು ಬರೀ ಕಥೆಯಾಗಿಯೂ ಓಡುತ್ತದೆ. ಆಮೇಲೆ 'ರಿಯರ್ ವಿಂಡೋ', 'ದ ನೇಕೆಡ್ ಸ್ಪರ್', 'ಅನಾಟಮಿ'. 'ಅನಾಟಮಿ'ಗೆ ಎರಡೂ ಮುಕ್ಕಾಲು ಗಂಟೆ ಹತ್ತಿರ ಬೇಕು. ಮಗಳು ಇನ್ನೂ ಚಿಕ್ಕವಳಾದರೆ ಅದನ್ನು ಮುಂದಕ್ಕೆ ಇಟ್ಟುಕೊಳ್ಳಿ. ಕೊನೆಗೆ ಜಾನ್ ಫೋರ್ಡ್‌ನ 'ದ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್' (1962). ಅಲ್ಲಿ ಸ್ಟೂವರ್ಟ್ ಮಾಡದ ಒಂದು ಕೆಲಸಕ್ಕೆ ಹೆಸರಾಗಿ ಸೆನೆಟರ್ ಆದ ಮನುಷ್ಯ. ಕೊನೆಯಲ್ಲಿ ರೈಲಿನಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ಹೆಂಡತಿ. ಪೈಪ್ ಹಚ್ಚಲು ಕಡ್ಡಿ ಗೀರುತ್ತಾನೆ. ರೈಲಿನವನು ಆ ಮಾಡದ ಕೆಲಸದ ಹೆಸರು ಹೇಳಿಯೇ ಅವನನ್ನು ಹೊಗಳುತ್ತಾನೆ. ಸ್ಟೂವರ್ಟ್ ಏನೂ ಹೇಳುವುದಿಲ್ಲ. ಕಡ್ಡಿ ಊದಿ ಆರಿಸುತ್ತಾನೆ.

'ವರ್ಟಿಗೋ' ಮತ್ತೆ ಹಾಕುವಂತೆ ಮಗಳನ್ನು ಒತ್ತಾಯ ಮಾಡಬೇಡಿ, ಅವಳೇ ಕೇಳಿದರೆ ಹಾಕಿ. ಒಂದು ಭಾನುವಾರ ಸ್ಯಾನ್ ಹ್ವಾನ್ ಬಟಿಸ್ಟಾಗೆ ಹೋಗಿಬನ್ನಿ, ನಿಮಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಸಿನಿಮಾದ ಮಿಷನ್ ಚರ್ಚು, ಅದರ ಉದ್ದನೆಯ ಕಮಾನಿನ ಪಡಸಾಲೆ, ಎದುರಿನ ಹುಲ್ಲು ಬಯಲು, ಕುದುರೆ ಲಾಯ ಎಲ್ಲ ಇವೆ. ಗೋಪುರ ಮಾತ್ರ ಹುಡುಕಬೇಡಿ. ಅದನ್ನು ಸ್ಟುಡಿಯೋದವರು ಸೇರಿಸಿದ್ದು.